ಅಮೆರಿಕ ಅಧ್ಯಕ್ಷ ಚುನಾವಣೆಯ ‘ಹಾಗಾಗಿದ್ದರೆ?’: ಪದೇ ಪದೇ ಕೇಳುವ ಪ್ರಶ್ನೆಗಳು

ಪರ್ಯಾಯ ಇತಿಹಾಸ ಬರೆಯುವವರಿಗೂ ಅದರ ಮೇಲೆ ವಾದಕ್ಕಿಳಿಯುವವರಿಗೂ ಅಮೆರಿಕದ ಅಧ್ಯಕ್ಷ ಚುನಾವಣೆಯಷ್ಟು ಒದಗಿಬರುವ ವಿಷಯ ಕಡಿಮೆ. ಕೆಲವೇ ನೂರು ಮತಗಳ ಮೇಲೆ ಇಡೀ ದೇಶದ ಫಲಿತಾಂಶ ನಿಂತ ಉದಾಹರಣೆ ಅಲ್ಲಿದೆ. ರಾಜ್ಯವಾರು ಅಂಕಿಗಳೂ ಕೈಗೆ ಸಿಗುತ್ತವೆ. ಆದರೂ ಹೆಚ್ಚಿನ ಊಹೆಗಳು ಕೂಡು-ಕಳೆಯುವ ಲೆಕ್ಕದಲ್ಲೇ ಮುಗ್ಗರಿಸುತ್ತವೆ. ಹಾಗಾಗಿ ಇಲ್ಲಿನ ಉತ್ತರಗಳಲ್ಲಿ ಲೆಕ್ಕಕ್ಕೇ ಮೊದಲ ಮಣೆ. ಅಧ್ಯಕ್ಷರನ್ನು ಆರಿಸುವುದು ರಾಜ್ಯಗಳ ‘ಎಲೆಕ್ಟರ್’ ಎಂಬ ಪ್ರತಿನಿಧಿಗಳು, ಅವರ ಮತವೇ ಎಲೆಕ್ಟೋರಲ್ ಮತ. ಸಂಸತ್ತಿನ ಎರಡೂ ಸದನಗಳಲ್ಲಿ ರಾಜ್ಯಕ್ಕೆ ಎಷ್ಟು ಸದಸ್ಯರೋ ಅಷ್ಟು ಎಲೆಕ್ಟರ್‌ಗಳು; ಬಹುತೇಕ ರಾಜ್ಯಗಳಲ್ಲಿ ಹೆಚ್ಚು ಜನಮತ ಪಡೆದವರಿಗೇ ಅಷ್ಟೂ ಮತ. ಇತಿಹಾಸ ಬೇರೆ ದಾರಿ ಹಿಡಿಯುವ ಜಾಗವನ್ನು ಇಲ್ಲಿ ‘ಕವಲು’ ಎಂದಿದ್ದೇವೆ.

ಎಲ್ಲಿಂದ ಶುರು ಮಾಡಬೇಕು?

ಒಂದು ಹಾಳೆ ತೆರೆಯಿರಿ. ಪ್ರತಿ ರಾಜ್ಯಕ್ಕೆ ಒಂದು ಸಾಲು. ಕಾಲಂಗಳು ಇಷ್ಟು: ಆ ವರ್ಷ ಆ ರಾಜ್ಯಕ್ಕಿದ್ದ ಎಲೆಕ್ಟೋರಲ್ ಮತಗಳು, ಮೊದಲ ಮತ್ತು ಎರಡನೇ ಸ್ಥಾನದವರ ಮತ, ಉಳಿದವರ ಮತ, ಗೆಲುವಿನ ಅಂತರ, ಆ ಅಂತರ ಶೇಕಡ ಎಷ್ಟು. ಶೇಕಡ ಅಂತರದ ಪ್ರಕಾರ ಸಾಲುಗಳನ್ನು ಕಡಿಮೆಯಿಂದ ಹೆಚ್ಚಿಗೆ ಜೋಡಿಸಿ. ಗೆದ್ದವರ ರಾಜ್ಯಗಳನ್ನು ಮೇಲಿನಿಂದ ಒಂದೊಂದಾಗಿ ಸೋತವರ ಖಾತೆಗೆ ಹಾಕುತ್ತಾ ಹೋಗಿ. ಬಹುಮತ ಎಲ್ಲಿ ಕೈಬದಲಾಗುತ್ತದೋ ಅಲ್ಲಿ ನಿಲ್ಲಿಸಿ. ನಿಮ್ಮ ಕಥೆ ನಡೆಯಬೇಕಾದ್ದು ಆ ರಾಜ್ಯಗಳಲ್ಲಿ. ನ್ಯೂಯಾರ್ಕ್, ವಾಷಿಂಗ್ಟನ್ ನಗರಗಳಲ್ಲಿ ಎಷ್ಟೇ ನಾಟಕ ಹೂಡಿದರೂ ಈ ರಾಜ್ಯಗಳಲ್ಲಿ ಮತ ಕದಲದಿದ್ದರೆ ಅಧ್ಯಕ್ಷ ಬದಲಾಗುವುದಿಲ್ಲ.

ದೇಶದ ಒಟ್ಟು ಜನಮತವನ್ನು ಸದ್ಯಕ್ಕೆ ಮರೆತುಬಿಡಿ. 2016ರಲ್ಲಿ ಹಿಲರಿ ಕ್ಲಿಂಟನ್ ಒಟ್ಟು ಮತದಲ್ಲಿ ಸುಮಾರು 28.7 ಲಕ್ಷದಷ್ಟು ಮುಂದಿದ್ದರು. ಸೋತದ್ದು ಮಿಷಿಗನ್ (10,704), ವಿಸ್ಕಾನ್ಸಿನ್ (22,748), ಪೆನ್ಸಿಲ್ವೇನಿಯ (44,292) ರಾಜ್ಯಗಳ ಅಂತರದಿಂದ. ಕ್ಯಾಲಿಫೋರ್ನಿಯದಲ್ಲಿ ಅವರಿಗೆ ಇನ್ನೂ ಹತ್ತು ಲಕ್ಷ ಮತ ಕೊಟ್ಟರೂ ಏನೂ ಬದಲಾಗದು.

ಬಹುಮತ ಎಂದರೆ ಯಾವಾಗಲೂ 270 ತಾನೇ?

ಅಲ್ಲ. ಒಟ್ಟು 538, ಬಹುಮತ 270 ಎಂಬ ಲೆಕ್ಕ 1964ರಿಂದ ಈಚಿನದು. 1912ರಿಂದ 1956ರವರೆಗೆ ಒಟ್ಟು 531, ಬಹುಮತಕ್ಕೆ 266. 1960ರದ್ದು ಒಂದೇ ಚುನಾವಣೆಗೆ ಸೀಮಿತವಾದ ವಿಚಿತ್ರ ಲೆಕ್ಕ: ಅಲಾಸ್ಕ, ಹವಾಯಿ ಹೊಸದಾಗಿ ಸೇರಿದ್ದರಿಂದ ಸಂಸತ್ತಿನ ಕೆಳಮನೆಯಾದ ಪ್ರತಿನಿಧಿ ಸಭೆ ತಾತ್ಕಾಲಿಕವಾಗಿ 437 ಸ್ಥಾನಕ್ಕೆ ಹಿಗ್ಗಿತ್ತು, ರಾಜಧಾನಿ ವಾಷಿಂಗ್ಟನ್‌ಗೆ ಇನ್ನೂ ಎಲೆಕ್ಟರ್‌ಗಳಿರಲಿಲ್ಲ, ಒಟ್ಟು 537, ಬಹುಮತ 269. 1876ರಲ್ಲಿ 369ಕ್ಕೆ 185. 1860ರಲ್ಲಿ 303ಕ್ಕೆ 152.

ರಾಜ್ಯದ ಪಾಲು ಕೂಡ ಜನಗಣತಿಯ ಜೊತೆ ಬದಲಾಗುತ್ತದೆ. 2000ದ ಚುನಾವಣೆ ನಡೆದದ್ದು 1990ರ ಗಣತಿಯ ಮೇಲೆ. ಅದೇ ರಾಜ್ಯಗಳನ್ನು ಗೆದ್ದ ಬುಷ್‌ಗೆ 2004ರ ಹಂಚಿಕೆಯಲ್ಲಿ 271ರ ಬದಲು 278 ಬರುತ್ತಿತ್ತು. ಹಳೆಯ ಚುನಾವಣೆಗೆ ಇಂದಿನ ನಕ್ಷೆ ಹಾಕುವುದು ಅತಿ ಸಾಮಾನ್ಯ ತಪ್ಪು, ಪತ್ತೆ ಹಚ್ಚುವುದೂ ಅಷ್ಟೇ ಸುಲಭ.

2000ದ ಫ್ಲಾರಿಡದಲ್ಲಿದ್ದಂತೆ 537 ಮತಗಳ ಅಂತರ ಎಂದರೆ 537 ಜನ ಮನಸ್ಸು ಬದಲಿಸಬೇಕೇ?

ಬೇಡ. ಒಬ್ಬ ಮತದಾರ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹಾರಿದರೆ ಅಂತರ ಎರಡು ಕುಗ್ಗುತ್ತದೆ. 537ಕ್ಕೆ 269 ಜನ ಸಾಕು. ಮನೆಯಲ್ಲೇ ಉಳಿದವರು ಬಂದು ಮತ ಹಾಕುವ ಕಥೆಯಾದರೆ 538 ಜನ ಬೇಕು. ಇವೆರಡನ್ನೂ ಬೆರೆಸಬೇಡಿ.

1948ರಲ್ಲಿ ಇದನ್ನು ಮಾಡಿ ನೋಡಿದರೆ ಚೆನ್ನಾಗಿ ಅರ್ಥವಾಗುತ್ತದೆ. ಟ್ರೂಮನ್ 303, ಡ್ಯೂಯಿ 189, ದಕ್ಷಿಣದ ಥರ್ಮಂಡ್ 39. ಒಹಾಯೊ (25 ಎಲೆಕ್ಟೋರಲ್ ಮತ) ಟ್ರೂಮನ್‌ಗೆ ಸಿಕ್ಕಿದ್ದು 7,107ರ ಅಂತರದಿಂದ, ಕ್ಯಾಲಿಫೋರ್ನಿಯ (25) 17,865ರಿಂದ, ಇಲಿನಾಯ್ (28) 33,612ರಿಂದ. ಮೂರರಲ್ಲೂ ಸೇರಿ 29,294 ಮತದಾರರು ಆ ಕಡೆಯಿಂದ ಈ ಕಡೆಗೆ ಬಂದಿದ್ದರೆ ಡ್ಯೂಯಿಗೆ 267, ಅಂದರೆ ಬೇಕಾದ್ದಕ್ಕಿಂತ ಒಂದು ಹೆಚ್ಚು. ಒಹಾಯೊ, ಕ್ಯಾಲಿಫೋರ್ನಿಯ ಎರಡೇ ಉರುಳಿದ್ದರೆ? ಟ್ರೂಮನ್ 253, ಡ್ಯೂಯಿ 239. ಯಾರಿಗೂ 266 ಇಲ್ಲ. ಆಗ ತೀರ್ಮಾನ ಪ್ರತಿನಿಧಿ ಸಭೆಗೆ ಹೋಗುತ್ತದೆ (ವಿವರ ಮುಂದೆ). ಥರ್ಮಂಡ್ ಕಡೆಯವರು ಬಯಸಿದ್ದೇ ಇಂಥ ಕಗ್ಗಂಟು. 12,487 ಮತದಾರರ ದೂರದಲ್ಲಿ ಅದು ತಪ್ಪಿಹೋಯಿತು.

1960ರಲ್ಲಿ ಶಿಕಾಗೊದಲ್ಲಿ ಮತ ಕದಿಯದೇ ಇದ್ದಿದ್ದರೆ ನಿಕ್ಸನ್ ಗೆಲ್ಲುತ್ತಿದ್ದರಂತೆ, ನಿಜವೇ?

ಶಿಕಾಗೊದಲ್ಲಿ ಎಷ್ಟು ಅಕ್ರಮ ನಡೆಯಿತೆಂಬ ವಾದ ಬೇರೆ. ಲೆಕ್ಕ ಮಾತ್ರ ಒಪ್ಪುವುದಿಲ್ಲ. ಕೆನಡಿ 303, ನಿಕ್ಸನ್ 219, ದಕ್ಷಿಣದ ಸೆನೆಟರ್ ಬರ್ಡ್ 15. ಶಿಕಾಗೊ ಇರುವ ಇಲಿನಾಯ್ (27 ಮತ, ಅಂತರ 8,858) ನಿಕ್ಸನ್‌ಗೆ ಹೋದರೂ ಕೆನಡಿ ಬಳಿ 276 ಉಳಿಯುತ್ತದೆ, ಬೇಕಾದ್ದು 269. ಟೆಕ್ಸಸ್ (24) ಕೂಡ ಉರುಳಿದರೆ ಮಾತ್ರ ನಿಕ್ಸನ್‌ಗೆ 270 ಬಂದು ಗೆಲುವು. ಟೆಕ್ಸಸ್ ಅಂತರ 46,257. ಹಾಗಾಗಿ ಈ ಕಥೆ ಬರೆಯುವವರು ಶಿಕಾಗೊ ಬಿಟ್ಟು ಟೆಕ್ಸಸ್ ಕಡೆ ಹೆಚ್ಚು ಕಣ್ಣಿಡಬೇಕು. ಕೆನಡಿ ಉಪಾಧ್ಯಕ್ಷ ಅಭ್ಯರ್ಥಿಯಾಗಿ ಟೆಕ್ಸಸ್‌ನ ಜಾನ್ಸನ್‌ರನ್ನು ಆರಿಸದೇ ಇದ್ದಿದ್ದರೆ ಎಂಬ ಕವಲು ಮತಪೆಟ್ಟಿಗೆಯ ಪತ್ತೇದಾರಿಗಿಂತ ಗಟ್ಟಿ.

ಅದೇ ವರ್ಷ ಹವಾಯಿಯಲ್ಲಿ ನಡೆದದ್ದನ್ನೂ ಗಮನಿಸಿ. ಮೊದಲು ನಿಕ್ಸನ್ ಗೆದ್ದರೆಂದು ಘೋಷಣೆಯಾಯಿತು. ಮರುಎಣಿಕೆಯಲ್ಲಿ ಕೆನಡಿ 115 ಮತಗಳಿಂದ ಮುಂದೆ ಬಂದರು. ಎರಡೂ ಕಡೆಯ ಎಲೆಕ್ಟರ್‌ಗಳು ಮತ ಹಾಕಿ ಕಳಿಸಿದ್ದರು. 1961ರ ಜನವರಿಯ ಎಣಿಕೆಯಲ್ಲಿ ಅಧ್ಯಕ್ಷತೆ ವಹಿಸಿದ್ದ ಉಪಾಧ್ಯಕ್ಷ ನಿಕ್ಸನ್ ಅವರೇ ಕೆನಡಿ ಪಟ್ಟಿಯನ್ನು ಒಪ್ಪಿದರು. ಒಂದೇ ರಾಜ್ಯದಿಂದ ಎರಡು ಪಟ್ಟಿ ಬರುವ ದೃಶ್ಯ ಬರೆಯುವವರಿಗೆ ಇದಕ್ಕಿಂತ ಒಳ್ಳೆಯ ಮಾದರಿ ಇಲ್ಲ.

ಇನ್ನೊಂದು ಎಚ್ಚರಿಕೆ: 1960ರ ಅಲಬಾಮದ ಜನಮತ ಯಾರದೆಂದು ಖಚಿತವಾಗಿ ಹೇಳಲು ಬಾರದು. ಅಲ್ಲಿ ಡೆಮಾಕ್ರಾಟಿಕ್ ಎಲೆಕ್ಟರ್‌ಗಳಲ್ಲಿ ಐವರು ಕೆನಡಿಯವರು, ಆರು ಮಂದಿ ಯಾರಿಗೂ ಬದ್ಧರಲ್ಲದವರು. ಜನ ಎಲೆಕ್ಟರ್‌ಗಳಿಗೆ ಬಿಡಿಬಿಡಿಯಾಗಿ ಮತ ಹಾಕಿದ್ದರು. ಕೆನಡಿ ದೇಶದಾದ್ಯಂತ 1,12,827 ಮತಗಳಿಂದ ಮುಂದಿದ್ದರು ಎಂಬ ಅಂಕಿ ಅಲಬಾಮವನ್ನು ಹೇಗೆ ಎಣಿಸುತ್ತೀರಿ ಎಂಬುದರ ಮೇಲೆ ನಿಂತಿದೆ.

2000ದಲ್ಲಿ ಗೋರ್ ಗೆಲ್ಲಬೇಕಾದರೆ ಕವಲು ಎಲ್ಲಿಡಬೇಕು?

ಎಲ್ಲರೂ ಕೈಹಾಕುವ ಚುನಾವಣೆ ಇದು, ಹೆಚ್ಚಿನವರು ಜಾರುವುದೂ ಇಲ್ಲೇ. ರಿಪಬ್ಲಿಕನ್ ಬುಷ್ 271, ಡೆಮಾಕ್ರಾಟ್ ಗೋರ್ 266. ವಾಷಿಂಗ್ಟನ್ ನಗರದ ಒಬ್ಬ ಎಲೆಕ್ಟರ್ ಪ್ರತಿಭಟನೆಯಾಗಿ ಖಾಲಿ ಬಿಟ್ಟರು. ಫ್ಲಾರಿಡಕ್ಕೆ 25 ಎಲೆಕ್ಟೋರಲ್ ಮತ. ಸುಮಾರು 60 ಲಕ್ಷ ಮತಗಳಲ್ಲಿ ಅಂತರ 537.

ಜನಪ್ರಿಯ ಕವಲು ಸುಪ್ರೀಂ ಕೋರ್ಟ್. ಡಿಸೆಂಬರ್ 8ರಂದು ಫ್ಲಾರಿಡದ ಉಚ್ಚ ನ್ಯಾಯಪೀಠ 4-3ರಿಂದ ರಾಜ್ಯದಾದ್ಯಂತ ‘ಅಂಡರ್‌ವೋಟ್’ಗಳ ಮರುಎಣಿಕೆಗೆ ಆದೇಶಿಸಿತು. ಯಂತ್ರಕ್ಕೆ ಅಧ್ಯಕ್ಷ ಸ್ಥಾನಕ್ಕೆ ಯಾವ ಗುರುತೂ ಕಾಣಿಸದ ಮತಪತ್ರಗಳಿಗೆ ಆ ಹೆಸರು. ಮರುದಿನವೇ ದೇಶದ ಸುಪ್ರೀಂ ಕೋರ್ಟ್ ಅದಕ್ಕೆ ತಡೆ ಕೊಟ್ಟು, 12ರಂದು ಎಣಿಕೆಯನ್ನು ಮುಗಿಸಿಹಾಕಿತು. ‘ತಡೆ ಇಲ್ಲದಿದ್ದರೆ ಗೋರ್’ ಎಂದು ಬರೆಯುವುದು ಸುಲಭ. ಆದರೆ 2001ರಲ್ಲಿ ಪತ್ರಿಕೆಗಳ ಒಕ್ಕೂಟಕ್ಕಾಗಿ ಶಿಕಾಗೊ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರ 1,75,010 ಮತಪತ್ರಗಳನ್ನು ಒಂದೊಂದಾಗಿ ಪರಿಶೀಲಿಸಿತ್ತು. ಆ ದತ್ತಾಂಶದ ಮೇಲೆ ಪತ್ರಿಕೆಗಳು ಹಾಕಿದ ಲೆಕ್ಕದಲ್ಲಿ, ಗೋರ್ ಕೇಳಿದ್ದ ನಾಲ್ಕು ಕೌಂಟಿಗಳ ಮರುಎಣಿಕೆಯಾಗಿದ್ದರೂ ಬುಷ್ ಕೆಲವು ನೂರು ಮತಗಳಿಂದ ಗೆಲ್ಲುತ್ತಿದ್ದರು. ಬರೀ ಅಂಡರ್‌ವೋಟ್ ಎಣಿಕೆ ಮುಗಿದಿದ್ದರೂ ಅಷ್ಟೇ. ಗೋರ್ ಮುಂದೆ ಬಂದದ್ದು ಇಡೀ ರಾಜ್ಯದ ಅಂಡರ್‌ವೋಟ್, ಓವರ್‌ವೋಟ್ (ಒಂದಕ್ಕಿಂತ ಹೆಚ್ಚು ಗುರುತು ಬಿದ್ದ ಮತಪತ್ರ) ಎರಡನ್ನೂ ಎಣಿಸಿದಾಗ, ಅದೂ 60ರಿಂದ 171 ಮತಗಳಿಂದ. ಆ ಎಣಿಕೆಯನ್ನು ಗೋರ್ ವಕೀಲರೇ ಕೇಳಿರಲಿಲ್ಲ. ಆದ್ದರಿಂದ ನ್ಯಾಯಾಲಯದ ಕವಲು ಬೇಕೆಂದರೆ ಅದನ್ನು ನವೆಂಬರಿಗೆ ತಳ್ಳಿ: ಗೋರ್ ತಂಡ ನಾಲ್ಕು ಕೌಂಟಿಗಳ ಬದಲು 67 ಕೌಂಟಿಗಳನ್ನೂ, ಎರಡೂ ಬಗೆಯ ಮತಪತ್ರಗಳನ್ನೂ ಕೇಳಲಿ.

ನಮ್ಮ ಮತ ಪಾಮ್ ಬೀಚ್ ಕೌಂಟಿಯ ಮತಪತ್ರಕ್ಕೆ. ವಯಸ್ಸಾದ ಮತದಾರರಿಗೆ ಅಕ್ಷರ ದೊಡ್ಡದಾಗಿ ಕಾಣಲೆಂದು ಹೆಸರುಗಳನ್ನು ಎದುರುಬದುರು ಎರಡು ಪುಟಗಳಲ್ಲಿ ಹಾಕಿ, ರಂಧ್ರಗಳನ್ನು ನಡುವೆ ಇಟ್ಟಿದ್ದರು. ಎಡಪುಟದಲ್ಲಿ ಗೋರ್ ಹೆಸರು ಎರಡನೆಯದು, ಅವರ ರಂಧ್ರ ಮೂರನೆಯದು. ಎರಡನೇ ರಂಧ್ರ ಬಲಪುಟದಲ್ಲಿದ್ದ ರಿಫಾರ್ಮ್ ಪಕ್ಷದ ಬ್ಯೂಕ್ಯಾನನ್‌ಗೆ ಸೇರಿದ್ದು. ಅಲ್ಲಿ ಬ್ಯೂಕ್ಯಾನನ್‌ಗೆ ಸುಮಾರು 3,400 ಮತ ಬಿತ್ತು. 19,000ಕ್ಕೂ ಹೆಚ್ಚು ಮತಪತ್ರಗಳು ಎರಡು ಕಡೆ ತೂತು ಬಿದ್ದು ರದ್ದಾದವು. ಈ ವಿನ್ಯಾಸವಿಲ್ಲದ ಅಂಚೆ ಮತಪತ್ರಗಳಲ್ಲಿ ಅದೇ ಕೌಂಟಿಯ ಬ್ಯೂಕ್ಯಾನನ್ ಪಾಲು ಎಷ್ಟೋ ಕಡಿಮೆ. ಈ ಕವಲಿನ ಗುಣವೇನೆಂದರೆ ಬದಲಿಸಬೇಕಾದ್ದು ಒಂದು ಮುದ್ರಣ ನಿರ್ಧಾರ ಮಾತ್ರ. ಯಾರ ಅಭಿಪ್ರಾಯವೂ ಬದಲಾಗಬೇಕಿಲ್ಲ, ಯಾವ ನ್ಯಾಯಾಧೀಶರೂ ಮನಸ್ಸು ಬದಲಿಸಬೇಕಿಲ್ಲ. ಚುನಾವಣೆಯ ರಾತ್ರಿಯವರೆಗೆ ಉಳಿದ ಜಗತ್ತು ಇದ್ದಂತೆಯೇ ಇರುತ್ತದೆ.

ನೇಡರ್ ನಿಲ್ಲದಿದ್ದರೆ?

ಫ್ಲಾರಿಡದಲ್ಲಿ ಗ್ರೀನ್ ಪಕ್ಷದ ನೇಡರ್ ಪಡೆದದ್ದು 97,488. ಅವರೆಲ್ಲ ಗೋರ್‌ಗೆ ಹಾಕುತ್ತಿದ್ದರು ಎನ್ನಬೇಡಿ. ಒಂದಷ್ಟು ಜನ ಮನೆಯಲ್ಲೇ ಉಳಿಯುತ್ತಿದ್ದರು, ಒಂದಷ್ಟು ಜನ ಬುಷ್‌ಗೂ ಹಾಕುತ್ತಿದ್ದರು. ಅಷ್ಟಾದರೂ ಗೋರ್‌ಗೆ ನೂರಕ್ಕೆ ಒಂದು ಮತದ ನಿವ್ವಳ ಲಾಭ ಬಂದರೆ ಸಾಕು, 537 ಕರಗುತ್ತದೆ. ಹಾಗೆ ನೋಡಿದರೆ ಆ ಮತಪತ್ರದಲ್ಲಿದ್ದ ಎಲ್ಲ ಸಣ್ಣ ಅಭ್ಯರ್ಥಿಗಳೂ 537ಕ್ಕಿಂತ ಹೆಚ್ಚು ಪಡೆದಿದ್ದರು. ಕಡೆಯ ಸ್ಥಾನದ ಸೋಷಿಯಲಿಸ್ಟ್ ವರ್ಕರ್ಸ್ ಪಕ್ಷದವರಿಗೂ 562. ‘ಇವರಿಂದಲೇ ಸೋತರು’ ಎಂದು ಒಬ್ಬರ ಮೇಲೆ ಬೆರಳಿಡಲು ಬಾರದಷ್ಟು ಕಿರಿದು ಆ ಅಂತರ.

ಹೆಚ್ಚು ಜನ ಗಮನಿಸದ ರಾಜ್ಯ ನ್ಯೂ ಹ್ಯಾಂಪ್‌ಷೈರ್: ನಾಲ್ಕು ಎಲೆಕ್ಟೋರಲ್ ಮತ, ಬುಷ್ ಅಂತರ 7,211, ನೇಡರ್ ಮತ 22,198. ಅದೊಂದು ಬಂದಿದ್ದರೆ ಫ್ಲಾರಿಡ ಸೋತೂ ಗೋರ್ ಅಧ್ಯಕ್ಷರು. ಗೋರ್ ಅವರ ಸ್ವಂತ ರಾಜ್ಯ ಟೆನೆಸಿ (11) ಬಂದಿದ್ದರೂ ಅದೇ ಫಲ, ಆದರೆ ಅಲ್ಲಿ ಅಂತರ 80,000ದಷ್ಟು. ಅದಕ್ಕೆ ಬೇರೆಯೇ ಪ್ರಚಾರ ಬರೆಯಬೇಕಾಗುತ್ತದೆ.

ಫ್ಲಾರಿಡದಿಂದ ಎರಡು ಪಟ್ಟಿ ಹೋಗಿದ್ದರೆ ಯಾರು ತೀರ್ಮಾನಿಸುತ್ತಿದ್ದರು?

1887ರ ಎಲೆಕ್ಟೋರಲ್ ಕೌಂಟ್ ಕಾಯ್ದೆ. ಫ್ಲಾರಿಡದ ರಿಪಬ್ಲಿಕನ್ ಶಾಸನಸಭೆ ತನ್ನದೇ ಎಲೆಕ್ಟರ್‌ಗಳನ್ನು ನೇಮಿಸಲು ಹೊರಟೂ ಇತ್ತು. 2001ರ ಜನವರಿ 6ರಂದು ಪ್ರತಿನಿಧಿ ಸಭೆ ರಿಪಬ್ಲಿಕನ್ನರ ಕೈಯಲ್ಲಿ. ಸೆನೆಟ್ 50-50, ಸಮವಾದರೆ ನಿರ್ಣಾಯಕ ಮತ ಹಾಕುವವರು ಇನ್ನೂ ಉಪಾಧ್ಯಕ್ಷರಾಗಿದ್ದ ಗೋರ್ ಅವರೇ. ಎರಡು ಸದನ ಒಪ್ಪದಿದ್ದರೆ ರಾಜ್ಯಪಾಲರು ಪ್ರಮಾಣೀಕರಿಸಿದ ಪಟ್ಟಿಗೆ ಮಾನ್ಯತೆ ಎನ್ನುತ್ತಿತ್ತು ಕಾಯ್ದೆ. ಫ್ಲಾರಿಡದ ರಾಜ್ಯಪಾಲರು ಜೆಬ್ ಬುಷ್, ಅಭ್ಯರ್ಥಿಯ ತಮ್ಮ. (ಅಲ್ಲಿನ ರಾಜ್ಯಪಾಲರು ಜನರಿಂದ ಚುನಾಯಿತರು, ನಮ್ಮಲ್ಲಿನ ಮುಖ್ಯಮಂತ್ರಿಯ ಸ್ಥಾನದವರು.) ಇಂಥ ದೃಶ್ಯವನ್ನು 2024ಕ್ಕೆ ಬರೆಯುವಾಗ ಕಾಯ್ದೆ ಬದಲಾಗಿದೆ ಎಂಬುದು ನೆನಪಿರಲಿ. 2022ರ ತಿದ್ದುಪಡಿ ಉಪಾಧ್ಯಕ್ಷರ ಪಾತ್ರ ಬರೀ ಕಾರ್ಯವಿಧಾನದ್ದು ಎಂದು ಸ್ಪಷ್ಟಪಡಿಸಿತು. ಆಕ್ಷೇಪಣೆಗೆ ಪ್ರತಿ ಸದನದ ಐದನೇ ಒಂದು ಭಾಗದ ಸಹಿ ಬೇಕು. ಹಿಂದೆ ಒಬ್ಬೊಬ್ಬರ ಸಹಿ ಸಾಕಿತ್ತು.

ಗೋರ್ ಗೆದ್ದರು ಎನ್ನೋಣ. ಆಮೇಲೆ?

ಇಲ್ಲಿ ಬರೆಯುವವರು ತಮ್ಮ ಆಸೆಗಳನ್ನೆಲ್ಲ ತುಂಬಿಬಿಡುತ್ತಾರೆ. ಮೊದಲು ಸೆನೆಟ್ ಎಣಿಸಿ. ಉಪಾಧ್ಯಕ್ಷ ಅಭ್ಯರ್ಥಿ ಲೀಬರ್ಮನ್ ಅದೇ ದಿನ ಕನೆಕ್ಟಿಕಟ್‌ನಿಂದ ಸೆನೆಟ್‌ಗೂ ಮರುಆಯ್ಕೆಯಾಗಿದ್ದರು. ಅವರು ಉಪಾಧ್ಯಕ್ಷರಾದರೆ ಆ ಸ್ಥಾನ ತೆರವು, ತುಂಬುವವರು ಅಲ್ಲಿನ ರಿಪಬ್ಲಿಕನ್ ರಾಜ್ಯಪಾಲರು. ಸೆನೆಟ್ 51-49, ರಿಪಬ್ಲಿಕನ್ ಬಹುಮತ. ನಿಜ ಇತಿಹಾಸದಲ್ಲಿ 2001ರ ಮೇ ತಿಂಗಳಲ್ಲಿ ವರ್ಮಾಂಟ್‌ನ ಜೆಫರ್ಡ್ಸ್ ಪಕ್ಷ ಬಿಟ್ಟು ಸೆನೆಟ್ ಡೆಮಾಕ್ರಾಟರ ಕೈಗೆ ಬಂತು. ಆದರೆ ಅವರ ಅಸಮಾಧಾನ ಬುಷ್ ಆಡಳಿತದ ಜೊತೆಗಿದ್ದದ್ದು; ಗೋರ್ ಅಧ್ಯಕ್ಷರಾದ ಕಥೆಯಲ್ಲಿ ಆ ಕಾರಣವೇ ಇಲ್ಲ. ಅಂದರೆ ಗೋರ್ ಕೈಯಲ್ಲಿ ಎರಡೂ ಸದನ ಇಲ್ಲ. ಅವರ ಹವಾಮಾನ ಮಸೂದೆ ಪಾಸಾಯಿತು ಎಂದು ಒಂದೇ ಸಾಲಿನಲ್ಲಿ ಬರೆಯಲು ಬರುವುದಿಲ್ಲ.

ಸುಪ್ರೀಂ ಕೋರ್ಟ್ ವಿಷಯದಲ್ಲೂ ಅವಸರ ಬೇಡ. 1994ರಿಂದ 2005ರವರೆಗೆ ಅಲ್ಲಿ ಒಂದು ಸ್ಥಾನವೂ ಖಾಲಿಯಾಗಲಿಲ್ಲ. ಗೋರ್ ಒಂದೇ ಅವಧಿ ಆಳಿದರೆ ಕೋರ್ಟ್ ಬದಲಾಗುವುದಿಲ್ಲ. ಕೋರ್ಟ್ ಬದಲಿಸುವುದೇ ಗುರಿಯಾದರೆ 2004ರ ಒಹಾಯೊ ಕವಲು ಒಳ್ಳೆಯದು: 20 ಎಲೆಕ್ಟೋರಲ್ ಮತ, ಅಂತರ 1,18,601. ಅದು ಡೆಮಾಕ್ರಾಟ್ ಅಭ್ಯರ್ಥಿ ಕೆರಿಗೆ ಹೋದರೆ ದೇಶದಾದ್ಯಂತ ಸುಮಾರು 30 ಲಕ್ಷ ಮತ ಹಿಂದಿದ್ದೂ ಅವರು ಅಧ್ಯಕ್ಷರು. 2005ರಲ್ಲಿ ಮುಖ್ಯ ನ್ಯಾಯಾಧೀಶ ರೆನ್‌ಕ್ವಿಸ್ಟ್ ತೀರಿಕೊಂಡರು. ಅದು ಯಾರು ಅಧ್ಯಕ್ಷರಾಗಿದ್ದರೂ ಆಗುವಂಥದು. ಅದೇ ವರ್ಷ ನ್ಯಾಯಮೂರ್ತಿ ಓ’ಕಾನರ್ ನಿವೃತ್ತಿ ಘೋಷಿಸಿದ್ದು ಅವರ ಸ್ವಂತ ತೀರ್ಮಾನ. ಕೆರಿ ಅಧ್ಯಕ್ಷರಾಗಿದ್ದರೆ ಅವರು ಅದೇ ಜುಲೈನಲ್ಲಿ ಇಳಿಯುತ್ತಿದ್ದರೇ? ಈ ವಿಂಗಡಣೆ ಎಲ್ಲ ಕಡೆ ಮಾಡಿ: ರೋಗ, ಚಂಡಮಾರುತ, ಭೂಕಂಪಗಳನ್ನು ದಿನಾಂಕ ಸಮೇತ ಉಳಿಸಿ. ಮನುಷ್ಯರ ತೀರ್ಮಾನಗಳನ್ನು ಒಂದೊಂದಾಗಿ ಮರುಪರೀಕ್ಷಿಸಿ.

ಸೆಪ್ಟೆಂಬರ್ 11ರ ದಾಳಿಯನ್ನು ಅಳಿಸುವವರು ಹೇಗೆ ಎಂದು ಹೇಳಬೇಕು. ವಿಮಾನ ಅಪಹರಿಸಿದವರಲ್ಲಿ ಇಬ್ಬರು 2000ದ ಜನವರಿಯಲ್ಲೇ ಅಮೆರಿಕದೊಳಗೆ ಬಂದಿದ್ದರು.

ಯಾರಿಗೂ ಬಹುಮತ ಬಾರದಿದ್ದರೆ ನಿಖರವಾಗಿ ಏನಾಗುತ್ತದೆ?

1804ರ ಹನ್ನೆರಡನೇ ತಿದ್ದುಪಡಿಯ ಪ್ರಕಾರ ಪ್ರತಿನಿಧಿ ಸಭೆ ಮೊದಲ ಮೂವರಲ್ಲಿ ಒಬ್ಬರನ್ನು ಅಧ್ಯಕ್ಷರನ್ನಾಗಿ ಆರಿಸುತ್ತದೆ. ಸದಸ್ಯರಿಗೆ ತಲೆಗೊಂದು ಮತವಿಲ್ಲ, ರಾಜ್ಯಕ್ಕೊಂದು ಮತ. 50 ರಾಜ್ಯಗಳಲ್ಲಿ 26 ಬೇಕು. ಒಂದು ರಾಜ್ಯದ ಸದಸ್ಯರು ಸಮಸಮ ಒಡೆದರೆ ಆ ರಾಜ್ಯದ ಮತ ಯಾರಿಗೂ ಇಲ್ಲ. ರಾಜಧಾನಿ ವಾಷಿಂಗ್ಟನ್‌ಗೆ ಇಲ್ಲಿ ಮತವೇ ಇಲ್ಲ. ಉಪಾಧ್ಯಕ್ಷರನ್ನು ಸೆನೆಟ್ ಆರಿಸುತ್ತದೆ, ಮೊದಲ ಇಬ್ಬರಲ್ಲಿ ಮಾತ್ರ, ಸೆನೆಟರಿಗೆ ತಲೆಗೊಂದು ಮತ. ಜನವರಿ 20ರೊಳಗೆ ಸಭೆ ತೀರ್ಮಾನಿಸದಿದ್ದರೆ ಸೆನೆಟ್ ಆರಿಸಿದ ಉಪಾಧ್ಯಕ್ಷರು ಹಂಗಾಮಿ ಅಧ್ಯಕ್ಷರು.

ಮತ ಹಾಕುವುದು ಯಾವ ಸಭೆ? 1933ರ ಇಪ್ಪತ್ತನೇ ತಿದ್ದುಪಡಿಗೆ ಮೊದಲು ಹಳೆಯ, ಅವಧಿ ಮುಗಿಯುತ್ತಿದ್ದ ಸಭೆ. ಆಮೇಲೆ ಹೊಸದಾಗಿ ಗೆದ್ದು ಜನವರಿ 3ಕ್ಕೆ ಸೇರುವ ಸಭೆ. 1860 ಅಥವಾ 1912ರ ಕಥೆಯಲ್ಲಿ ಹೊಸ ಸದಸ್ಯರಿಂದ ಮತ ಹಾಕಿಸಿದವರನ್ನು ಎಷ್ಟೋ ಕಂಡಿದ್ದೇವೆ.

1968 ಇದಕ್ಕೆ ಹೇಳಿಮಾಡಿಸಿದ ಚುನಾವಣೆ: ರಿಪಬ್ಲಿಕನ್ ನಿಕ್ಸನ್ 301, ಡೆಮಾಕ್ರಾಟ್ ಹಂಫ್ರಿ 191, ದಕ್ಷಿಣದ ವಾಲೇಸ್ 46. ಕ್ಯಾಲಿಫೋರ್ನಿಯದ 40 ಮತ ಹಂಫ್ರಿಗೆ ಹೋಗಿದ್ದರೆ ನಿಕ್ಸನ್ 261ಕ್ಕೆ ಇಳಿದು ಬಹುಮತ ಯಾರಿಗೂ ಇಲ್ಲ. ಅಲ್ಲಿನ ಅಂತರ 2.23 ಲಕ್ಷ. ಕವಲಿಗೆ ಜಾಗವೂ ಸಿದ್ಧವಿದೆ. ಅಕ್ಟೋಬರ್ 31ರಂದು ಜಾನ್ಸನ್ ಉತ್ತರ ವಿಯೆಟ್ನಾಂ ಮೇಲಿನ ಬಾಂಬ್ ದಾಳಿ ನಿಲ್ಲಿಸಿದರು. ನವೆಂಬರ್ 2ರಂದು ದಕ್ಷಿಣ ವಿಯೆಟ್ನಾಮಿನ ಅಧ್ಯಕ್ಷ ತಿಯು ಪ್ಯಾರಿಸ್ ಮಾತುಕತೆಗೆ ಬರುವುದಿಲ್ಲ ಎಂದರು. ನವೆಂಬರ್ 5 ಮತದಾನ. ತಿಯು ‘ಬರುತ್ತೇನೆ’ ಎಂದಿದ್ದರೆ ಸಾಕಿತ್ತು, ಶಾಂತಿಯ ಆಸೆ ಜಾನ್ಸನ್ ಅವರ ಉಪಾಧ್ಯಕ್ಷ ಹಂಫ್ರಿಗೆ ಮತ ತರಬಹುದಿತ್ತು. ಡೆಮಾಕ್ರಾಟರ ಸೆನೆಟ್ ತಮ್ಮ ಪಕ್ಷದ ಉಪಾಧ್ಯಕ್ಷ ಅಭ್ಯರ್ಥಿ ಮಸ್ಕಿಯವರನ್ನು ಉಪಾಧ್ಯಕ್ಷರನ್ನಾಗಿ ಆರಿಸುವುದು ಬಹುತೇಕ ಖಚಿತ, ಪ್ರತಿನಿಧಿ ಸಭೆ ಕಗ್ಗಂಟಾದರೆ ಅವರೇ ಹಂಗಾಮಿ ಅಧ್ಯಕ್ಷರು.

ಮಾತು ತಪ್ಪುವ ಎಲೆಕ್ಟರ್‌ನನ್ನು ಕಥೆಗೆ ಬಳಸಬಹುದೇ?

1976ರಲ್ಲಿ ಬಳಸಿ, ಬೆರಗಾಗುತ್ತೀರಿ. ಡೆಮಾಕ್ರಾಟ್ ಕಾರ್ಟರ್ 297, ರಿಪಬ್ಲಿಕನ್ ಫೋರ್ಡ್ 240, ವಾಷಿಂಗ್ಟನ್ ರಾಜ್ಯದ ಒಬ್ಬ ರಿಪಬ್ಲಿಕನ್ ಎಲೆಕ್ಟರ್ ಹಾಕಿದ್ದು ರೇಗನ್‌ಗೆ. ಒಹಾಯೊ (25, ಅಂತರ 11,116) ಮತ್ತು ಹವಾಯಿ (4, ಅಂತರ 7,372) ಎರಡರಲ್ಲಿ ಒಟ್ಟು 9,246 ಜನ ಮನಸ್ಸು ಬದಲಿಸಿದ್ದರೆ ಫೋರ್ಡ್ 269, ಕಾರ್ಟರ್ 268, ರೇಗನ್ 1. ಡೆಮಾಕ್ರಾಟರು ತುಂಬಿದ್ದ ಪ್ರತಿನಿಧಿ ಸಭೆ ಕಾರ್ಟರ್‌ರನ್ನೇ ಆರಿಸುತ್ತಿತ್ತು. ಆದರೆ ಆ ಎಲೆಕ್ಟರ್ ಉಪಾಧ್ಯಕ್ಷ ಸ್ಥಾನಕ್ಕೆ ಪಕ್ಷದ ಅಭ್ಯರ್ಥಿ ಡೋಲ್‌ಗೇ ಹಾಕಿದ್ದರು. ಡೋಲ್‌ಗೆ 270, ನೇರ ಗೆಲುವು. ಕಾರ್ಟರ್ ಅಧ್ಯಕ್ಷ, ಡೋಲ್ ಉಪಾಧ್ಯಕ್ಷ! ಅಷ್ಟು ಬಿಗಿಯಾದ ಎಣಿಕೆಯಲ್ಲಿ ಆ ಎಲೆಕ್ಟರ್ ಹಾಗೆ ಮಾಡುತ್ತಿದ್ದರೇ ಎಂಬ ಆಕ್ಷೇಪ ಬರುತ್ತದೆ, ನ್ಯಾಯವೇ. 2000ದ ಖಾಲಿ ಮತಕ್ಕೂ ಅದೇ ಆಕ್ಷೇಪ.

2020ರ ನಂತರದ ಕಥೆಗಳಲ್ಲಿ ಹುಷಾರು: ಮಾತು ತಪ್ಪಿದವರನ್ನು ರಾಜ್ಯ ದಂಡಿಸಬಹುದು, ಬದಲಿಸಲೂಬಹುದು ಎಂದು ಆ ವರ್ಷ ಸುಪ್ರೀಂ ಕೋರ್ಟ್ ಹೇಳಿದೆ.

ವಿರೋಧಿಗಳೆಲ್ಲ ಒಂದಾಗಿದ್ದರೆ ಲಿಂಕನ್ ಸೋಲುತ್ತಿದ್ದರಲ್ಲವೇ? ಒಟ್ಟು ಮತ ಶೇ. 40ಕ್ಕೂ ಕಡಿಮೆ ಇತ್ತು.

ಇಲ್ಲ. 1860ರಲ್ಲಿ ಲಿಂಕನ್‌ಗೆ 180. ಉಳಿದ ಮೂವರ ಮತಗಳನ್ನು ಒಂದೇ ಗಂಟು ಕಟ್ಟಿದರೂ ಕೈಬಿಟ್ಟುಹೋಗುವುದು ಕ್ಯಾಲಿಫೋರ್ನಿಯ (4), ಆರೆಗಾನ್ (3), ನ್ಯೂ ಜೆರ್ಸಿಯಲ್ಲಿ ಸಿಕ್ಕಿದ್ದ 4. ಉಳಿಯುವುದು 169, ಬೇಕಾದ್ದು 152. ಬೇರೆ ರಾಜ್ಯಗಳಲ್ಲಿ ಅವರಿಗೆ ಅರ್ಧಕ್ಕಿಂತ ಹೆಚ್ಚೇ ಮತ ಇತ್ತು. ಅವರನ್ನು ತಡೆಯಬೇಕೆಂದರೆ ನ್ಯೂಯಾರ್ಕ್ (35) ಉರುಳಬೇಕು. ಅಲ್ಲಿ ವಿರೋಧಿಗಳು ನಿಜವಾಗಿಯೂ ಒಂದೇ ಪಟ್ಟಿ ಹಾಕಿದ್ದರು, ಆದರೂ ಸುಮಾರು 50,000 ಮತಗಳಿಂದ ಸೋತರು.

1864ರ ಕಥೆಗೆ ಕವಲು ಮತಪೆಟ್ಟಿಗೆಯಲ್ಲಿಲ್ಲ, ಅಂತರ್ಯುದ್ಧದಲ್ಲಿ ದಕ್ಷಿಣದವರ ಹಿಡಿತದಲ್ಲಿದ್ದ ಅಟ್ಲಾಂಟದಲ್ಲಿದೆ. ತಾನು ಸೋಲುವುದೇ ಸಂಭವ ಎಂದು ಲಿಂಕನ್ ಆಗಸ್ಟ್ 23ರಂದು ಬರೆದಿಟ್ಟು ಸಂಪುಟದವರಿಂದ ಓದಿಸದೆಯೇ ಸಹಿ ಹಾಕಿಸಿದ್ದರು. ಹತ್ತೇ ದಿನದಲ್ಲಿ ಅಟ್ಲಾಂಟ ಲಿಂಕನ್ ಸೇನೆಯ ವಶವಾಯಿತು, ಗಾಳಿ ತಿರುಗಿತು.

1912ರಲ್ಲಿ ಥಿಯೊಡರ್ ರೂಸ್‌ವೆಲ್ಟ್, ಟಾಫ್ಟ್ ಮತ ಕೂಡಿಸಿದರೆ ವಿಲ್ಸನ್‌ಗಿಂತ ಹೆಚ್ಚು. ಹಾಗಾದರೆ?

ರಿಪಬ್ಲಿಕನ್ ಪಕ್ಷ ಒಡೆದು ನಿಂತ ಆ ಇಬ್ಬರ ಶೇ. 27.4 ಮತ್ತು 23.2 ಸೇರಿ ಅರ್ಧ ದಾಟುತ್ತದೆ, ಡೆಮಾಕ್ರಾಟ್ ವಿಲ್ಸನ್‌ಗೆ 41.8. ಆದರೆ ಕೂಡಿಸುವುದು ಅತ್ತೆಗೆ ಮೀಸೆ ಬಂದರೆ ಮಾವ ಎನ್ನುವ ಲೆಕ್ಕ. ರೂಸ್‌ವೆಲ್ಟ್ ಸ್ಪರ್ಧಿಸದಿದ್ದರೆ ಅವರ ಸುಧಾರಣಾವಾದಿ ಮತದಾರರಲ್ಲಿ ಒಂದು ಪಾಲು ಟಾಫ್ಟ್‌ಗಿಂತ ವಿಲ್ಸನ್‌ರನ್ನೇ ಮೆಚ್ಚುತ್ತಿತ್ತು. ರಾಜ್ಯವಾರು 70-30, 60-40, 50-50 ಎಂದು ಮೂರು ಬಗೆಯಲ್ಲಿ ಹಂಚಿ ನೋಡಿ. ಮೂರರಲ್ಲೂ ಒಬ್ಬರೇ ಗೆದ್ದರೆ ಮಾತ್ರ ಧೈರ್ಯವಾಗಿ ಬರೆಯಿರಿ.

ಎಲ್ಲರೂ ಬಿಟ್ಟುಬಿಟ್ಟ ಒಳ್ಳೆಯ ಚುನಾವಣೆ ಯಾವುದು?

1916. ಕ್ಯಾಲಿಫೋರ್ನಿಯದ 13 ಮತ ವಿಲ್ಸನ್‌ಗೆ ಹೋದದ್ದು ಸುಮಾರು 3,800 ಮತಗಳ ಅಂತರದಿಂದ. ಅದು ರಿಪಬ್ಲಿಕನ್ ಎದುರಾಳಿ ಹ್ಯೂಸ್‌ಗೆ ಹೋಗಿದ್ದರೆ ಅವರಿಗೆ 267, ಗೆಲುವು. ಸ್ವಾರಸ್ಯ ಆಮೇಲಿದೆ. ಆಗ ಅಧಿಕಾರ ಹಸ್ತಾಂತರ ಮಾರ್ಚ್ 4ಕ್ಕೆ. ಯುದ್ಧದ ನೆರಳಿನಲ್ಲಿ ನಾಲ್ಕು ತಿಂಗಳು ಸೋತ ಅಧ್ಯಕ್ಷ ಕೂರುವುದು ಅಪಾಯ ಎಂದು ವಿಲ್ಸನ್ ಮತದಾನಕ್ಕೆ ಮೊದಲೇ ವಿದೇಶಾಂಗ ಕಾರ್ಯದರ್ಶಿ ಲ್ಯಾನ್ಸಿಂಗ್‌ಗೆ ಪತ್ರ ಬರೆದಿದ್ದರು. ಸೋತರೆ ಹ್ಯೂಸ್‌ರನ್ನು ಲ್ಯಾನ್ಸಿಂಗ್ ಜಾಗಕ್ಕೆ ನೇಮಿಸುವುದು, ಆಮೇಲೆ ತಾನೂ ಉಪಾಧ್ಯಕ್ಷರೂ ರಾಜೀನಾಮೆ ಕೊಡುವುದು. 1886ರ ಉತ್ತರಾಧಿಕಾರ ಕಾಯ್ದೆಯಂತೆ ಉಪಾಧ್ಯಕ್ಷರ ನಂತರದ ಸ್ಥಾನ ವಿದೇಶಾಂಗ ಕಾರ್ಯದರ್ಶಿಯದೇ. ಹ್ಯೂಸ್ ನವೆಂಬರಿನಲ್ಲೇ ಅಧ್ಯಕ್ಷರಾಗಬಹುದಿತ್ತು. ಹಾಗಾದರೆ 1917ರ ಜನವರಿಯ ಸಿಮರ್‌ಮನ್ ತಂತಿ (ಅಮೆರಿಕದ ವಿರುದ್ಧ ಕೈಜೋಡಿಸಲು ಮೆಕ್ಸಿಕೊಗೆ ಜರ್ಮನಿ ಕಳಿಸಿದ್ದು) ಬಂದಾಗ ಶ್ವೇತಭವನದಲ್ಲಿ ಇರುವವರು ಬೇರೆ.

ಇನ್ನೊಂದು 1876. ಹೇಸ್ 185, ಟಿಲ್ಡನ್ 184 ಎಂಬುದು, ವಿವಾದಿತ 20 ಮತಗಳನ್ನು ಸಂಸತ್ತು ರಚಿಸಿದ ಆಯೋಗ 8-7ರಿಂದ ಹೇಸ್‌ಗೆ ಕೊಟ್ಟಿದ್ದು ಎಲ್ಲರಿಗೂ ಗೊತ್ತು. ಕೊಲರಾಡೊ ರಾಜ್ಯವಾದದ್ದು ಅದೇ ಆಗಸ್ಟ್ 1ರಂದು, ಅದರ ಮೂರು ಮತ ಹೇಸ್‌ಗೆ. ಕೊಲರಾಡೊ ಸೇರ್ಪಡೆ ಆರು ತಿಂಗಳು ತಡವಾಗಿದ್ದರೆ ಒಟ್ಟು 366, ಬಹುಮತ 184. ಟಿಲ್ಡನ್ ಬಳಿ ಯಾವ ವಿವಾದವೂ ಇಲ್ಲದ 184 ಇತ್ತು.

ಅಭ್ಯರ್ಥಿ ಸತ್ತರೆ?

ಯಾವಾಗ ಸತ್ತರು ಎಂಬುದರ ಮೇಲಿದೆ. 1872ರಲ್ಲಿ ಗ್ರೀಲಿ ಮತದಾನದ ನಂತರ, ಎಲೆಕ್ಟರ್‌ಗಳು ಸೇರುವ ಮೊದಲು ತೀರಿಕೊಂಡರು. ಅವರ ಎಲೆಕ್ಟರ್‌ಗಳು ಚದುರಿಹೋದರು, ಅವರಿಗೇ ಹಾಕಿದ ಮೂರು ಮತ ತಿರಸ್ಕೃತವಾಯಿತು. 1933ರ ಫೆಬ್ರವರಿ 15ರಂದು ಮಯಾಮಿಯಲ್ಲಿ, ಗೆದ್ದು ಅಧಿಕಾರಕ್ಕೆ ಕಾದಿದ್ದ ಫ್ರಾಂಕ್ಲಿನ್ ರೂಸ್‌ವೆಲ್ಟ್ ಮೇಲೆ ಹಾರಿಸಿದ ಗುಂಡು ತಾಗಿದ್ದರೆ ಉಪಾಧ್ಯಕ್ಷರಾಗಿ ಆಯ್ಕೆಯಾಗಿದ್ದ ಗಾರ್ನರ್ ಅಧ್ಯಕ್ಷರು ಎನ್ನುವುದರಲ್ಲಿ ಗೊಂದಲವಿಲ್ಲ, ಏಕೆಂದರೆ ಅದನ್ನು ಹೇಳುವ ಇಪ್ಪತ್ತನೇ ತಿದ್ದುಪಡಿ ಜನವರಿ 23ಕ್ಕೆ ಅಂಗೀಕಾರವಾಗಿತ್ತು. ಪ್ರಮಾಣವಚನದ ದಿನ ಜನವರಿ 20ಕ್ಕೆ ಬಂದದ್ದು ಮಾತ್ರ 1937ರಿಂದ.

ಭಾರತಕ್ಕೆ ನೇರವಾಗಿ ತಟ್ಟುವ ಕವಲು ಯಾವುದು?

1968ರದೇ. 1971ರಲ್ಲಿ ನಿಕ್ಸನ್ ಪಾಕಿಸ್ತಾನದ ಕಡೆ ವಾಲಲು ಒಂದು ಮುಖ್ಯ ಕಾರಣ ಚೀನಾ: ಆ ಜುಲೈನಲ್ಲಿ ಅವರ ಸಲಹೆಗಾರ ಕಿಸಿಂಜರ್ ಗುಟ್ಟಾಗಿ ಬೀಜಿಂಗ್‌ಗೆ ಹೋದದ್ದು ಪಾಕಿಸ್ತಾನದ ಮೂಲಕ, ಸಂಪರ್ಕಕ್ಕೆ ನೆರವಾಗಿದ್ದವರು ಯಾಹ್ಯಾ ಖಾನ್. ಆಗಸ್ಟ್ 9ಕ್ಕೆ ಭಾರತ-ಸೋವಿಯತ್ ಒಪ್ಪಂದ, ಡಿಸೆಂಬರಿನಲ್ಲಿ ಬಂಗಾಳಕೊಲ್ಲಿಗೆ ಅಮೆರಿಕದ ಎಂಟರ್‌ಪ್ರೈಸ್ ಯುದ್ಧನೌಕೆ. ಹಂಫ್ರಿ ಅಧ್ಯಕ್ಷರಾಗಿದ್ದರೆ ಪೂರ್ವ ಪಾಕಿಸ್ತಾನದ 1970ರ ಚಂಡಮಾರುತ ಹೇಗೂ ಬರುತ್ತಿತ್ತು, ಅವಾಮಿ ಲೀಗ್ ಗೆಲುವಿಗೂ ಶ್ವೇತಭವನಕ್ಕೂ ಸಂಬಂಧ ಕಡಿಮೆ. ಯಾಹ್ಯಾ ಅವರ ಮೇಲೆ ಅಮೆರಿಕದ ಒತ್ತಡ ಎಷ್ಟಿರುತ್ತಿತ್ತು, ನೌಕೆ ಬರುತ್ತಿತ್ತೇ, ಒಪ್ಪಂದಕ್ಕೆ ಭಾರತ ಅಷ್ಟು ಬೇಗ ಸಹಿ ಹಾಕುತ್ತಿತ್ತೇ ಎಂಬ ಮೂರು ಪ್ರಶ್ನೆಗಳಿಗೆ ಕಥೆಯನ್ನು ಸೀಮಿತಗೊಳಿಸಿದರೆ ಚೆನ್ನಾಗಿ ನಿಲ್ಲುತ್ತದೆ. ಯುದ್ಧವೇ ನಡೆಯುತ್ತಿರಲಿಲ್ಲ ಎನ್ನಲು ಬೇರೆ ಆಧಾರ ಬೇಕು.

ಕರ್ನಾಟಕಕ್ಕೆ ಏನಾದರೂ ನಂಟು?

ತೆಳುವಾದದ್ದು, ಆದರೆ ನಿಜವಾದದ್ದು. ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾಣೇದಾರ್ 2022ರಲ್ಲಿ ಮಿಷಿಗನ್‌ನಿಂದ ಪ್ರತಿನಿಧಿ ಸಭೆಗೆ ಡೆಮಾಕ್ರಾಟರಾಗಿ ಗೆದ್ದು, 2024ರಲ್ಲಿ ಮರುಆಯ್ಕೆಯಾದರು. 2024 ಸಮಸಮವಾಗಿ ತೀರ್ಮಾನ ಸಭೆಗೆ ಬಂದಿದ್ದರೆ ಅಧ್ಯಕ್ಷರನ್ನು ಆರಿಸುವವರಲ್ಲಿ ಅವರೂ ಒಬ್ಬರು. ಆದರೆ ಮಿಷಿಗನ್‌ಗೆ 13 ಸ್ಥಾನ, ಆ ಚುನಾವಣೆಯ ನಂತರ ರಿಪಬ್ಲಿಕನ್ 7, ಡೆಮಾಕ್ರಾಟ್ 6. ಪಕ್ಷದ ಗೆರೆಯಲ್ಲೇ ಮತ ಬಿದ್ದಿದ್ದರೆ ರಾಜ್ಯದ ಒಂದೇ ಮತ ರಿಪಬ್ಲಿಕನ್ ಕಡೆಗೆ ಹೋಗುತ್ತಿತ್ತು.

ಎಲ್ಲ ರಾಜ್ಯಕ್ಕೂ ಒಂದೇ ಶೇಕಡ ಏರಿಳಿತ ಹಾಕಿದರೆ ತಪ್ಪೇ?

ಮೊದಲ ಅಂದಾಜಿಗೆ ಅಡ್ಡಿಯಿಲ್ಲ. 2016ರಲ್ಲಿ ಎಲ್ಲೆಡೆ ಅಂತರವನ್ನು 0.8 ಅಂಶ ಕದಲಿಸಿದರೆ ಮಿಷಿಗನ್ (0.23), ಪೆನ್ಸಿಲ್ವೇನಿಯ (0.72), ವಿಸ್ಕಾನ್ಸಿನ್ (0.77) ಮೂರೂ ಉರುಳಿ ಕ್ಲಿಂಟನ್‌ಗೆ 278 ಬರುತ್ತದೆ. 1948, 1968ರಂಥ ವರ್ಷಗಳಲ್ಲಿ ಇದು ಕೆಲಸಕ್ಕೆ ಬಾರದು. ಮೂರನೇ ಅಭ್ಯರ್ಥಿಯ ಬಲವೆಲ್ಲ ದಕ್ಷಿಣದಲ್ಲೇ ಗುಡ್ಡೆಯಾಗಿರುವಾಗ ಒಹಾಯೊದ ಏರಿಳಿತಕ್ಕೂ ಅಲಬಾಮದ್ದಕ್ಕೂ ಕಾರಣಗಳೇ ಬೇರೆ. ಎಲೆಕ್ಟೋರಲ್ ಮತಗಳನ್ನು ಕ್ಷೇತ್ರವಾರು ಹಂಚುವ ಮೇನ್ (1972ರಿಂದ), ನೆಬ್ರಾಸ್ಕ (1992ರಿಂದ) ರಾಜ್ಯಗಳನ್ನು ಒಡೆದು ಬರೆಯಲು ಮರೆಯಬೇಡಿ. 269-269 ಬರೆಯುವವರು ಎಡವುವುದು ಹೆಚ್ಚಾಗಿ ನೆಬ್ರಾಸ್ಕದ ಒಮಾಹ ನಗರದ ಆ ಒಂದು ಮತದ ಮೇಲೆ.